ಬಾಲ್ಕನಿ ತೋಟದ ಕಿಟ್: ಕುಂಡಗಳು ಧಾರಾಳ, ಮಣ್ಣಿಗೆ ಮಾತ್ರ ಬರ

ಪುಟ್ಟ ಬಾಲ್ಕನಿಗೋ ಹಿತ್ತಲಿನ ಇಕ್ಕಟ್ಟಾದ ಅಂಗಳಕ್ಕೋ ಬೇಕಾದ ಇಡೀ ತೋಟವನ್ನು ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತೇವೆ ಎನ್ನುವ ಕಿಟ್‌ಗಳು ಹಲವು ಹೆಸರುಗಳಲ್ಲಿ ಮಾರಾಟಕ್ಕಿವೆ. ಹೆಸರು ಯಾವುದಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಗೋಡೆಗೆ ತೂಗುಹಾಕುವ 36 ಜೇಬುಗಳ ಫೆಲ್ಟ್ ಹಾಳೆ, ಕಂಬಿಗೆ ಸಿಕ್ಕಿಸುವ ಎರಡು ತೊಟ್ಟಿ, ಮೂರು ಮೆಟ್ಟಿಲಿನ ಕಬ್ಬಿಣದ ಸ್ಟ್ಯಾಂಡ್, ಅದರ ಮೇಲಿಡಲು 10ರಿಂದ 15 ಸೆಂ.ಮೀ. ಅಗಲದ ಎಂಟು–ಹತ್ತು ಕುಂಡ, ಎರಡು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಟೈಮರ್ ಇರುವ ಹನಿ ನೀರಿನ ಸೆಟ್, ನೆಲಕ್ಕೆ ಡೆಕ್ ಟೈಲ್ ಇಲ್ಲವೇ ಕೃತಕ ಹುಲ್ಲು, ಕೊನೆಗೊಂದು ದೀಪದ ಸರ. ಸ್ವಲ್ಪ ದುಬಾರಿ ಕಿಟ್ ಆದರೆ ತಳದಲ್ಲಿ ನೀರು ತುಂಬಿಸಿಡುವ ಸೆಲ್ಫ್ ವಾಟರಿಂಗ್ ತೊಟ್ಟಿಯೂ ಇರುತ್ತದೆ.

ಪೆಟ್ಟಿಗೆ ಬಿಚ್ಚಿ ಎಲ್ಲವನ್ನೂ ಜೋಡಿಸಿದ ದಿನ ಫೋಟೋ ಸೊಗಸಾಗಿಯೇ ಬರುತ್ತದೆ. ವಿಮರ್ಶೆ ಶುರುವಾಗಬೇಕಿರುವುದು ಮೂರನೇ ತಿಂಗಳಿಂದ. ಆ ಹೊತ್ತಿಗೆ ಬೇರು ಪಾತ್ರೆಯ ಗೋಡೆ ಮುಟ್ಟಿರುತ್ತದೆ, ಕೋಕೋಪೀಟ್ ಕುಸಿದಿರುತ್ತದೆ, ಹನಿ ನಳಿಕೆಯೊಂದೆರಡು ಕಟ್ಟಿಕೊಂಡಿರುತ್ತವೆ. ಆಗಲೂ ತೋಟ ಚೆಂದ ಕಾಣಬೇಕಾದರೆ ಬೇಕಿರುವುದು ಬೇರಿಗೆ ಸಾಕಷ್ಟು ಮಣ್ಣು. ಈ ಕಿಟ್‌ಗಳು ಜಿಪುಣತನ ತೋರುವುದು ಅದೊಂದರಲ್ಲೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಇವಕ್ಕೆ ಸರಿಯಾಗಿ ಒಪ್ಪುತ್ತದೆ.

ಲೆಕ್ಕ ಹಾಕಿ ನೋಡಿ. ಜೇಬಿಗೆ ಒಂದು ಲೀಟರ್ ಅಂದರೂ 36 ಜೇಬಿಗೆ 36 ಲೀಟರ್ ಮಿಶ್ರಣ ಬೇಕು. ಕಂಬಿಯ ತೊಟ್ಟಿಗಳಿಗೆ ತಲಾ 10 ಲೀಟರ್. ಸಣ್ಣ ಕುಂಡಗಳಿಗೆ ಎಲ್ಲಾ ಸೇರಿ ಇನ್ನೊಂದು 8–10 ಲೀಟರ್. ಒಟ್ಟು 65 ಲೀಟರ್ ಹತ್ತಿರ. ಪೆಟ್ಟಿಗೆಯಲ್ಲಿರುವ 650 ಗ್ರಾಂ ಕೋಕೋಪೀಟ್ ಇಟ್ಟಿಗೆ ನೆನೆಸಿದರೆ ಅರಳುವುದು ಸುಮಾರು 8–9 ಲೀಟರ್‌ಗೆ. ಎರಡು ಇಟ್ಟಿಗೆಗೆ 17 ಲೀಟರ್, ಅಷ್ಟೆ. ಉಳಿದದ್ದನ್ನು ಕೊಳ್ಳುವವರೇ ಹೊಂದಿಸಿಕೊಳ್ಳಬೇಕು. ಇದನ್ನು ಗಮನಿಸದೆ ಜೇಬುಗಳನ್ನು ಅರ್ಧಂಬರ್ಧ ತುಂಬಿಸುವುದೇ ಮೊದಲ ಎಡವಟ್ಟು.

ಫೆಲ್ಟ್ ಹಾಳೆ

ಕಿಟ್‌ನ ಹೆಚ್ಚಿನ ಆಕರ್ಷಣೆ ಇದು. ಹೆಚ್ಚಿನ ದೂರುಗಳೂ ಇದರ ಮೇಲೇ. ಗೋಡೆಯ ಮೇಲೆ ಗಿಡ ಬೆಳೆಸುವ ಯೋಚನೆ ಹೊಸದೇನಲ್ಲ. ಸ್ಟ್ಯಾನ್ಲಿ ಹಾರ್ಟ್ ವೈಟ್ ಎಂಬ ಪ್ರಾಧ್ಯಾಪಕರು 1938ರಲ್ಲೇ ಇಂಥದ್ದೊಂದು ರಚನೆಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಅದನ್ನು ಲೋಕಪ್ರಸಿದ್ಧ ಮಾಡಿದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. ಅವರ ವಿಧಾನದಲ್ಲಿ ಲೋಹದ ಚೌಕಟ್ಟು ಗೋಡೆಯಿಂದ ದೂರ ನಿಲ್ಲುತ್ತದೆ, ಅದರ ಮೇಲೆ 10 ಮಿ.ಮೀ. ದಪ್ಪದ ಪಿವಿಸಿ ಹಲಗೆ, ಅದರ ಮೇಲೆ ಎರಡು ಪದರ ಫೆಲ್ಟ್. ಮಣ್ಣೇ ಇಲ್ಲ. ಪೋಷಕಾಂಶ ಕರಗಿಸಿದ ನೀರು ಮೇಲಿನಿಂದ ದಿನಕ್ಕೆ ಹಲವು ಬಾರಿ ತಾನಾಗಿ ಇಳಿಯುತ್ತದೆ. ಕಿಟ್‌ನಲ್ಲಿ ಸಿಗುವ ಹಾಳೆ ಆ ವಿಧಾನದಿಂದ ಫೆಲ್ಟನ್ನು ಮಾತ್ರ ತೆಗೆದುಕೊಂಡಿದೆ. ಹಿಂಬದಿಯ ಹಲಗೆ, ಗಾಳಿಯ ಅಂತರ, ನೀರಿನ ವ್ಯವಸ್ಥೆ ಮೂರೂ ಇಲ್ಲ. ತೊಂದರೆಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಒಂದು ಚದರ ಮೀಟರ್ ಬಟ್ಟೆ ಎಲ್ಲ ಕಡೆಯಿಂದಲೂ ತೇವ ಆರಿಸಿಕೊಳ್ಳುತ್ತದೆ. ಹಾಗಾಗಿ ಒಂದು ಲೀಟರಿನ ಜೇಬು ಅಷ್ಟೇ ಅಳತೆಯ ಪ್ಲಾಸ್ಟಿಕ್ ಕುಂಡಕ್ಕಿಂತ ಬೇಗ ಒಣಗುತ್ತದೆ. ಬಿಸಿಲು ಬೀಳುವ ಗೋಡೆಯಾದರೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು ಬೇಕಾದರೂ ಆಶ್ಚರ್ಯವಿಲ್ಲ. ಹಾಕಿದ ನೀರಿನ ಪಾಡು ಇನ್ನೂ ವಿಚಿತ್ರ. ಮೇಲಿನ ಸಾಲಿಗೆ ಸುರಿದದ್ದು ಬಟ್ಟೆಯೊಳಗೇ ಜಾರಿ ಕೆಳಗಿನ ಸಾಲಿಗೆ ಸೇರುತ್ತದೆ. ಮೇಲಿನ ಎರಡು ಸಾಲು ಬಾಯಾರಿ ಬಾಡುವಾಗ ಕೆಳಗಿನ ಎರಡು ಸಾಲಿನ ಬೇರು ಕೊಳೆಯುತ್ತಿರುತ್ತದೆ. ಎಲ್ಲ ಜೇಬಿಗೂ ಒಂದೇ ಗಿಡ ಹಚ್ಚಿದವರ ಹಾಳೆಯಲ್ಲಿ ಮಧ್ಯದ ಸಾಲುಗಳಷ್ಟೇ ಹಸಿರಾಗಿ ಉಳಿದಿದ್ದರೆ ಕಾರಣ ಇದು.

ಹಾಳೆ ಆಗಲೇ ಕೈಗೆ ಬಂದಿದ್ದರೆ ಅದನ್ನು ಉಳಿಸಿಕೊಳ್ಳುವ ದಾರಿಯೂ ಇದೆ. ಗೋಡೆಗೆ ಮೊದಲು 25ರಿಂದ 50 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ನಿಲುವಾಗಿ ಬಿಗಿದು, ಅದರ ಮೇಲೆ ಪಿವಿಸಿ ಹಾಳೆ, ಅದರ ಮೇಲೆ ಫೆಲ್ಟ್ ಹಾಕಿ. ಗೋಡೆ ಮತ್ತು ಹಾಳೆಯ ನಡುವೆ ಗಾಳಿಯಾಡದಿದ್ದರೆ ಬಣ್ಣ ಉಬ್ಬಿ, ಬೂಷ್ಟು ಹಿಡಿದು, ಗೋಡೆಯ ಒಳಮೈಗೂ ತೇವ ಕಾಣಿಸಿಕೊಳ್ಳುತ್ತದೆ. ನೀರುಂಡ ಹಾಳೆಯ ತೂಕ 40 ಕಿಲೋ ಹತ್ತಿರ ಬರುತ್ತದೆ. ಜೊತೆಗೆ ಕೊಡುವ ಪುಟ್ಟ ಪ್ಲಾಸ್ಟಿಕ್ ಪ್ಲಗ್ ಮತ್ತು ಸ್ಕ್ರೂ ಗಟ್ಟಿ ಇಟ್ಟಿಗೆಯಲ್ಲಿ ಹೇಗೋ ನಿಂತೀತು, ಟೊಳ್ಳು ಬ್ಲಾಕಿನಲ್ಲಿ ನಿಲ್ಲುವುದಿಲ್ಲ. ಅಲ್ಲಿ ಟೊಳ್ಳು ಗೋಡೆಗೆಂದೇ ಮಾಡಿದ ಆ್ಯಂಕರ್ ಬಳಸಬೇಕು. ಮೇಲಿನ ಸಾಲುಗಳಿಗೆ ಒಣ ತಾಳುವ ಗಿಡ, ಅಂದರೆ ರಿಯೊ, ಸ್ಪೈಡರ್ ಪ್ಲಾಂಟ್, ಎಳೆಯ ಸ್ನೇಕ್ ಪ್ಲಾಂಟ್. ನಡುವೆ ಮನಿ ಪ್ಲಾಂಟ್, ಸಿಂಗೋನಿಯಂ. ಕೆಳಗೆ ಬಾಸ್ಟನ್ ಫರ್ನ್. ನೀರನ್ನು ಒಮ್ಮೆಗೇ ಹತ್ತು ನಿಮಿಷ ಬಿಡುವ ಬದಲು ಒಂದೆರಡು ನಿಮಿಷದಂತೆ ಮೂರ್ನಾಲ್ಕು ಸಲ ಬಿಟ್ಟರೆ ಮೇಲಿನ ಜೇಬಿನ ಮಿಶ್ರಣ ಅದನ್ನು ಹೀರಿಕೊಳ್ಳಲು ಸಮಯ ಸಿಗುತ್ತದೆ. ಬಟ್ಟೆಯ ಮೇಲೆ ಬಿಳಿಯ ಪುಡಿ ಕಟ್ಟಿದರೆ ಅದು ನೀರಿನ ಮತ್ತು ಗೊಬ್ಬರದ ಲವಣ. ಒದ್ದೆ ಬ್ರಷ್‌ನಿಂದ ಉಜ್ಜಿ, ಬರೀ ನೀರು ಹಾಯಿಸಿ ತೊಳೆಯಬೇಕು.

ಇಷ್ಟೆಲ್ಲ ಮಾಡುವ ಉತ್ಸಾಹ ಇಲ್ಲದವರು ಹಾಳೆಯನ್ನು ಕೊಳ್ಳದಿರುವುದೇ ವಾಸಿ. ಬಿಸಿಲಿನ ಗೋಡೆಗಂತೂ ಬೇಡವೇ ಬೇಡ.

ಚಿಕ್ಕ ಕುಂಡ, ಮೆಟ್ಟಿಲ ಸ್ಟ್ಯಾಂಡ್

ಜಾಗ ಚಿಕ್ಕದು, ಆದ್ದರಿಂದ ಕುಂಡವೂ ಚಿಕ್ಕದಿರಲಿ ಎಂಬ ತರ್ಕದ ಮೇಲೆ ಈ ಭಾಗ ನಿಂತಿದೆ. ತರ್ಕ ತಲೆಕೆಳಗಾಗಿದೆ. 10 ಸೆಂ.ಮೀ. ಕುಂಡ ಅರ್ಧ ಲೀಟರ್ ಚಿಲ್ಲರೆ ಮಣ್ಣು ಹಿಡಿಯುತ್ತದೆ. 40 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಕುಂಡ ಬುಡಕ್ಕೆ ಸಪೂರವಾಗಿದ್ದರೂ 35 ಲೀಟರ್ ಮೇಲೆ ಹಿಡಿಯುತ್ತದೆ. ನೆಲದ ಮೇಲೆ ಅದು ತಿನ್ನುವುದು ಹದಿನಾರು ಪುಟ್ಟ ಕುಂಡಗಳಷ್ಟು ಜಾಗ, ಬೇರಿಗೆ ಕೊಡುವುದು ಅರುವತ್ತು ಪಟ್ಟು.

ಚಿಕ್ಕ ಕುಂಡ ಬೇಗ ಒಣಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದೇ ಕುಂಡ ಬೇಗ ಜೌಗೂ ಆಗುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೀರು ಹಾಕಿ ಹರಿದು ಹೋದ ಮೇಲೂ ಯಾವುದೇ ಕುಂಡದ ತಳದಲ್ಲಿ ಒಂದಷ್ಟು ಎತ್ತರದವರೆಗೆ ಮಿಶ್ರಣ ಪೂರ್ತಿ ನೀರು ತುಂಬಿಕೊಂಡೇ ಇರುತ್ತದೆ. ಆ ಎತ್ತರವನ್ನು ತೀರ್ಮಾನಿಸುವುದು ಮಿಶ್ರಣದ ಕಣಗಳ ಗಾತ್ರ. ಕುಂಡ ಎಷ್ಟು ಆಳ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು 3 ಸೆಂ.ಮೀ. ಇದೆ ಎಂದುಕೊಳ್ಳೋಣ. 30 ಸೆಂ.ಮೀ. ಆಳದ ಕುಂಡದಲ್ಲಿ ಹತ್ತನೇ ಒಂದು ಪಾಲು ಮಾತ್ರ ಜೌಗು. 10 ಸೆಂ.ಮೀ. ಆಳದ್ದರಲ್ಲಿ ಮೂರನೇ ಒಂದು ಪಾಲು ಸುಮಾರು. ಬೆಳಿಗ್ಗೆ ಉಸಿರುಕಟ್ಟುವ ಬೇರು ಮಧ್ಯಾಹ್ನ ಬಾಯಾರುತ್ತದೆ.

ಕಿಟ್‌ನ ಜೊತೆ ತಳಕ್ಕೆ ಹಾಕಿ ಎಂದು ಜೇಡಿಮಣ್ಣಿನ ಗುಂಡುಗಳ ಪೊಟ್ಟಣ ಕೊಟ್ಟಿದ್ದರೆ ಅದನ್ನು ತಳಕ್ಕೆ ಹಾಕಬೇಡಿ. ಸಣ್ಣ ಕಣಗಳ ಮಿಶ್ರಣ ತನ್ನ ಕೆಳಗಿರುವ ದೊಡ್ಡ ಸಂದುಗಳಿಗೆ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಜೌಗು ಪದರ ಮಾಯವಾಗದೆ ಗುಂಡುಗಳ ಮೇಲಕ್ಕೆ ಏರಿ ಕೂರುತ್ತದೆ, ಬೇರಿಗೆ ಉಳಿಯುವ ಜಾಗ ಇನ್ನಷ್ಟು ಕಮ್ಮಿ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ತುಂಡು ಬಲೆ ಸಾಕು. ಗುಂಡುಗಳನ್ನು ಮಣ್ಣಿನ ಮೇಲೆ ಹರಡಿದರೆ ನೋಟಕ್ಕೂ ಚೆನ್ನ, ಆವಿಯಾಗುವುದೂ ಕಡಿಮೆ.

ಸ್ಟ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲಿನ ತುದಿಯಲ್ಲಿ ಪೌಡರ್ ಕೋಟಿಂಗ್ ಮೊದಲು ಸಿಪ್ಪೆ ಏಳುತ್ತದೆ, ತುಕ್ಕಿನ ಉಂಗುರ ಟೈಲ್ ಮೇಲೆ ಉಳಿದುಬಿಡುತ್ತದೆ. ರಬ್ಬರ್ ಬೂಟು ಹಾಕಿ. ಭಾರದ ಕುಂಡ ಕೆಳಗಿನ ಮೆಟ್ಟಿಲಿಗೆ. ಗಾಳಿ ಬೀಸುವ ಮಹಡಿಯಾದರೆ ಸ್ಟ್ಯಾಂಡನ್ನು ಗೋಡೆಗೆ ಒಂದು ಕೊಕ್ಕೆಯಿಂದ ಕಟ್ಟಿ.

ಕಂಬಿಯ ತೊಟ್ಟಿ

ಕಿಟ್‌ನಲ್ಲಿ ಕಾಸಿಗೆ ತಕ್ಕ ಕೆಲಸ ಮಾಡುವ ಸಾಮಾನು ಇದು. 60 ಸೆಂ.ಮೀ. ಉದ್ದ, 15 ಸೆಂ.ಮೀ. ಆಸುಪಾಸಿನ ಅಗಲ–ಆಳ ಇರುವ ತೊಟ್ಟಿ ನೆಲದ ಒಂದಂಗುಲವನ್ನೂ ಕೇಳುವುದಿಲ್ಲ. ಬೆಳಕು ಚೆನ್ನಾಗಿ ಸಿಗುವ ಜಾಗವೂ ಅದೇ. ಕೊಳ್ಳುವ ಮೊದಲು ಕಂಬಿಯ ದಪ್ಪವನ್ನು ಟೇಪಿನಲ್ಲಿ ಅಳೆಯಿರಿ, ದುಂಡಗಿನ ಕಂಬಿಗೂ ಚಪ್ಪಟೆ ಪಟ್ಟಿಗೂ ಒಂದೇ ಕೊಕ್ಕೆ ಕೂರುವುದಿಲ್ಲ. ಸಡಿಲ ಕೊಕ್ಕೆಯ ತೊಟ್ಟಿ ಗಾಳಿಗೆ ಹೊಯ್ದಾಡಿ ಬೇರು ಕಿತ್ತುಕೊಳ್ಳುತ್ತದೆ. ತೊಟ್ಟಿಯನ್ನು ಕಂಬಿಯ ಒಳಬದಿಗೇ ಹಾಕಿ. ಹೊರಬದಿಗೆ ಹಾಕಿದರೆ ನೋಟ ಚೆಂದವಿದ್ದೀತು, ಆದರೆ 12 ಕಿಲೋ ಒದ್ದೆ ತೊಟ್ಟಿ ಜಾರಿದರೆ ಕೆಳಗೆ ಯಾರಿರುತ್ತಾರೋ ಹೇಳಲಾಗದು. ತಳಕ್ಕೆ ಕ್ಲಿಪ್ ಆಗುವ ತಟ್ಟೆ ಇರುವುದನ್ನೇ ಆರಿಸಿದರೆ ಕೆಳಮನೆಯವರ ಒಣಗಿದ ಬಟ್ಟೆಯ ಮೇಲೆ ಕೆಸರು ನೀರು ತೊಟ್ಟಿಕ್ಕುವುದೂ ತಪ್ಪುತ್ತದೆ.

ಪ್ಲಾಸ್ಟಿಕ್ ಯಾವುದು ನೋಡಿ. ಯುವಿ ತಡೆಯುವ ಪದಾರ್ಥ ಬೆರೆಸದ ಪಾಲಿಪ್ರೊಪಿಲೀನ್ ಬಿಸಿಲಿಗೆ ಬಣ್ಣ ಕಳೆದುಕೊಂಡು, ಆಮೇಲೆ ಅಂಚು ಹಿಡಿದು ಎತ್ತಿದರೆ ಕೈಯಲ್ಲೇ ಮುರಿಯುತ್ತದೆ. ಕಪ್ಪು ತೊಟ್ಟಿ ನೇರ ಬಿಸಿಲಿನಲ್ಲಿ ಬೇರನ್ನು ಬೇಯಿಸುತ್ತದೆ. ಬಿಸಿಲಿಗೆ ತಿಳಿ ಬಣ್ಣ, ನೆರಳಿಗೆ ಗಾಢ ಬಣ್ಣ. ಆರು ಗಂಟೆಗೂ ಹೆಚ್ಚು ಬಿಸಿಲಿದ್ದರೆ ಟೇಬಲ್ ರೋಸ್ ಈ ಆಳವಿಲ್ಲದ ತೊಟ್ಟಿಗೆ ಹೇಳಿ ಮಾಡಿಸಿದ ಗಿಡ, ಒಣಗಿದರೂ ತಡೆದುಕೊಳ್ಳುತ್ತದೆ. ಅರ್ಧ ದಿನದ ಬಿಸಿಲಿಗೆ ಕೋಲಿಯಸ್. ಮೂರು ಗಂಟೆಗಿಂತ ಕಡಿಮೆ ಬಿಸಿಲಿದ್ದರೆ ಹೂವಿನ ಆಸೆ ಬಿಟ್ಟು ಎಲೆಗಿಡಗಳಿಗೆ ಒಲಿಯಿರಿ.

ಸೆಲ್ಫ್ ವಾಟರಿಂಗ್ ತೊಟ್ಟಿ

ಇಡೀ ಪೆಟ್ಟಿಗೆಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಆಯ್ಕೆ ಇದಕ್ಕೆ. ಉದ್ದ 80, ಅಗಲ 30, ಎತ್ತರ 30 ಸೆಂ.ಮೀ. ಇರುವ ದೊಡ್ಡ ಅಳತೆ ಸಿಕ್ಕರೆ ಇನ್ನೂ ಒಳ್ಳೆಯದು. ತಳದ ಕೋಣೆಯಲ್ಲಿ ನೀರು, ಅದರ ಮೇಲೆ ತೂತಿನ ಹಲಗೆ, ಹಲಗೆಯಿಂದ ನೀರಿಗಿಳಿದ ಒಂದೆರಡು ಬುಟ್ಟಿ. ಬುಟ್ಟಿಗೆ ತುಂಬಿದ ಮಿಶ್ರಣದ ಮೂಲಕ ನೀರು ಮೇಲಕ್ಕೆ ಹೀರಲ್ಪಡುತ್ತದೆ. ಯಂತ್ರವಿಲ್ಲ, ಕೆಡುವಂಥದ್ದು ಏನೂ ಇಲ್ಲ.

ಆದರೂ ಕೆಡಿಸಿಕೊಳ್ಳುವವರಿದ್ದಾರೆ. ಬುಟ್ಟಿಗೆ ಸಡಿಲವಾಗಿ ಮಿಶ್ರಣ ತುಂಬಿದರೆ ನಡುವೆ ಗಾಳಿ ಸೇರಿ ನೀರು ಏರುವುದೇ ಇಲ್ಲ. ಅಲ್ಲಿಗೆ ಒದ್ದೆ ಕೋಕೋಪೀಟ್ ಮಾತ್ರ ಹಾಕಿ ಬೆರಳಿನಿಂದ ಒತ್ತಬೇಕು. ಮೇಲಿನ ಭಾಗಕ್ಕೆ ತೋಟದ ಜಿಗುಟು ಮಣ್ಣು ಹಾಕಿದರೆ ಅದು ನೀರು ಹೀರಿ ಹೀರಿ ಇಡೀ ತೊಟ್ಟಿ ಕೆಸರಾಗುತ್ತದೆ. ಗಿಡ ನೆಟ್ಟ ಮೊದಲ ಎರಡು ಮೂರು ವಾರ ಮೇಲಿನಿಂದಲೇ ನೀರು ಹಾಕಿ. ಎಳೆಯ ಬೇರು ಇನ್ನೂ ಕೆಳಗಿನ ತೇವ ಮುಟ್ಟಿರುವುದಿಲ್ಲ. ಟ್ಯಾಂಕ್ ತುಂಬಿದೆಯಲ್ಲ ಎಂದು ನಂಬಿ ಕೂತವರ ಸಸಿ ಒಣಗುವುದು ಆ ಅವಧಿಯಲ್ಲೇ. ಪಕ್ಕದಲ್ಲಿರುವ ಹೊರಹರಿವಿನ ತೂತನ್ನು ಮುಚ್ಚಬಾರದು. ಮಳೆ ಬೀಳುವ ಜಾಗದಲ್ಲಿ ಅದೊಂದೇ ಗಿಡವನ್ನು ಕಾಯುವುದು. ಕೆಲವು ತೊಟ್ಟಿಗಳಲ್ಲಿ ಈ ತೂತನ್ನು ರಬ್ಬರ್ ಬಿರಡೆಯಿಂದ ಮುಚ್ಚಿಯೇ ಕಳಿಸಿರುತ್ತಾರೆ, ಹೊರಗಿಡುವುದಾದರೆ ಮೊದಲು ಅದನ್ನು ಕಿತ್ತೆಸೆಯಿರಿ.

ನೀರು ಕೆಳಗಿನಿಂದ ಮೇಲಕ್ಕೆ ಮಾತ್ರ ಚಲಿಸುವುದರಿಂದ ಲವಣವೆಲ್ಲ ಮೇಲ್ಪದರದಲ್ಲಿ ಕೂರುತ್ತದೆ. ಎಲೆಯ ತುದಿ ಕಂದಾಗುವುದು ಅದರ ಗುರುತು. ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳ ನೀರು ಹಾಯಿಸಿ, ತೂತಿನಿಂದ ಪೂರ್ತಿ ಹರಿದು ಹೋಗಲು ಬಿಡಿ. ನೀರು ತುಂಬಿಸುವ ಕೊಳವೆಯ ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಒಂದು ವಾರ–ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಕಳ್ಳಿ ಜಾತಿಯ ಗಿಡಗಳಿಗೆ ಈ ತೊಟ್ಟಿ ಬೇಡ.

ತೂಕದ ಮಾತು ಇಲ್ಲೇ ಹೇಳಬೇಕು. ಈ ತೊಟ್ಟಿಗೆ ಸುಮಾರು 60 ಲೀಟರ್ ಮಿಶ್ರಣ ಹಿಡಿಯುತ್ತದೆ ಎಂದುಕೊಂಡರೆ ಕೋಕೋಪೀಟ್ ಹೆಚ್ಚಿರುವ ಮಿಶ್ರಣ ನೀರುಂಡಾಗ 60–70 ಕಿಲೋ. ಬರೀ ತೋಟದ ಮಣ್ಣಾದರೆ 100 ಕಿಲೋ ಹತ್ತಿರ. ಬಾಲ್ಕನಿ ಗೋಡೆಯಿಂದ ಹೊರಚಾಚಿದ ಚಪ್ಪಡಿಯಾಗಿದ್ದರೆ ಭಾರವನ್ನು ಗೋಡೆಯ ಬದಿಗೆ ಇಡಿ, ಹೊರ ಅಂಚಿನ ಉದ್ದಕ್ಕೂ ಸಾಲಾಗಿ ಜೋಡಿಸಬೇಡಿ. ಹಳೆಯ ಕಟ್ಟಡ, ಬಿರುಕು, ತುಕ್ಕು ಹಿಡಿದ ಸರಳು ಕಾಣುತ್ತಿದ್ದರೆ ಎಂಜಿನಿಯರ್ ನೋಡುವವರೆಗೆ ಏನನ್ನೂ ಇಡಬೇಡಿ.

ಹನಿ ನೀರಿನ ಸೆಟ್

ಇಲ್ಲಿ ಕಿಟ್ ಮಾಡುವವರ ಅಜಾಗರೂಕತೆ ಎದ್ದು ಕಾಣುತ್ತದೆ. ನಲ್ಲಿಗೆ ಜೋಡಿಸುವ ಸೆಟ್ ಮತ್ತು ಬಕೆಟ್ಟಿನಿಂದ ಇಳಿಯುವ ಸೆಟ್ ಎರಡಕ್ಕೂ ಒಂದೇ ಎಮಿಟರ್, ಅಂದರೆ ನೀರು ಹನಿಸುವ ತುದಿ, ಹಾಕಿ ಕಳಿಸುತ್ತಾರೆ. ಪ್ರೆಷರ್ ಕಾಂಪೆನ್ಸೇಟಿಂಗ್ (ಒತ್ತಡ ಏರಿಳಿದರೂ ಒಂದೇ ಸಮ ಹನಿಸುವ) ಎಂದು ಬರೆದಿರುವ ಎಮಿಟರ್ ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಅರ್ಧದಿಂದ ಒಂದು ಬಾರ್ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ನೀರು ಒಂದು ಬಾರ್ ಕೊಡುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿಟ್ಟ ಬಕೆಟ್ ಕೊಡುವುದು 0.15 ಬಾರ್ ಮಾತ್ರ. ಎಮಿಟರ್ ಬಾಯಿಯೇ ಬಿಡುವುದಿಲ್ಲ, ಅಥವಾ ಒಂದು ಸುರಿದರೆ ಇನ್ನೊಂದು ಒಣಗಿರುತ್ತದೆ. ಬಕೆಟ್ಟಿಗೆ ಸಾದಾ ಎಮಿಟರೇ ಸರಿ. ಅದರಲ್ಲೂ ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಒಂದು ಬಾರ್‌ಗೆ ಗಂಟೆಗೆ 4 ಲೀಟರ್ ಎಂದು ಬರೆದದ್ದು ಇಲ್ಲಿ ಒಂದೂವರೆ ಲೀಟರ್ ಕೊಟ್ಟೀತು. ಹತ್ತು ಎಮಿಟರ್ ಇದ್ದರೆ 20 ಲೀಟರ್ ಬಕೆಟ್ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ಖಾಲಿ. ಎಷ್ಟು ಹೊತ್ತು ಬಿಡಬೇಕೆಂದು ಇದರಿಂದ ತಿಳಿಯುತ್ತದೆ.

ಯುಎಸ್‌ಬಿ ಪಂಪ್ ಇರುವ ಸೆಟ್‌ಗಳದ್ದು ಬೇರೆಯೇ ಪಾಡು. ನೀರಿನ ಡಬ್ಬ ಕುಂಡಗಳಿಗಿಂತ ಎತ್ತರದಲ್ಲಿದ್ದರೆ ಪಂಪ್ ನಿಂತ ಮೇಲೂ ಸೈಫನ್ ಆಗಿ, ಅಂದರೆ ನಳಿಕೆಯಲ್ಲಿ ತುಂಬಿದ ನೀರು ತಾನಾಗಿ ಕೆಳಕ್ಕೆ ಸೆಳೆದುಕೊಂಡು, ಡಬ್ಬ ಪೂರ್ತಿ ಖಾಲಿಯಾಗುವವರೆಗೆ ಹರಿಯುತ್ತಲೇ ಇರುತ್ತದೆ. ಊರಿಗೆ ಹೋಗಿ ಬಂದವರಿಗೆ ಕೊಳೆತ ಗಿಡ, ಖಾಲಿ ಡಬ್ಬ ಎರಡೂ ಒಟ್ಟಿಗೆ ಸಿಗುವುದು ಹೀಗೆ. ಡಬ್ಬ ಎಲ್ಲ ಹನಿ ತುದಿಗಳಿಗಿಂತ ಕೆಳಗಿರಬೇಕು. ಆಗದಿದ್ದರೆ ನಳಿಕೆಯ ಅತಿ ಎತ್ತರದ ಜಾಗದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಗಾಳಿ ಒಳಬರುವ ಆ್ಯಂಟಿ ಸೈಫನ್ ಕವಾಟ ಹಾಕಬೇಕು.

ನಲ್ಲಿಗೆ ಹಾಕುವ ಟೈಮರ್‌ನಲ್ಲಿ ಬಾಲ್ ವಾಲ್ವ್ (ತೂತಿರುವ ಗುಂಡು ತಿರುಗಿ ತೆರೆಯುವ ಕವಾಟ) ಇದೆಯೋ ಸೊಲೆನಾಯ್ಡ್ (ವಿದ್ಯುತ್ಕಾಂತದಿಂದ ತೆರೆಯುವ ಕವಾಟ) ಇದೆಯೋ ಕೇಳಿ. ಸೊಲೆನಾಯ್ಡ್ ತೆರೆಯಲು ಸಾಮಾನ್ಯವಾಗಿ ಒಂದಷ್ಟು ಕನಿಷ್ಠ ಒತ್ತಡ ಬೇಕು. ತಾರಸಿಯ ಟ್ಯಾಂಕ್ ತಲೆಯ ಮೇಲೇ ಇರುವ ಕೊನೆಯ ಮಹಡಿಯಲ್ಲಿ ಅದು ಸಿಗದೇ ಹೋಗಬಹುದು. ಬಾಲ್ ವಾಲ್ವ್‌ಗೆ ಆ ಹಂಗಿಲ್ಲ. ಫಿಲ್ಟರ್ ಇಲ್ಲದ ಸೆಟ್ ಕೊಳ್ಳಲೇಬೇಡಿ, 120 ಮೆಶ್ ಫಿಲ್ಟರ್ ಒಂದು ಹಾಕಿದರೆ ಕಟ್ಟಿಕೊಳ್ಳುವ ಕಾಟ ಬಹುಪಾಲು ನಿಲ್ಲುತ್ತದೆ. ನಳಿಕೆ ಪಾರದರ್ಶಕವಾಗಿದ್ದರೆ ಒಳಗೆ ಪಾಚಿ ಬೆಳೆಯುತ್ತದೆ, ಕಪ್ಪು ನಳಿಕೆಯನ್ನೇ ಕೇಳಿ ಪಡೆಯಿರಿ.

ಮಣ್ಣು, ನೆಲ, ದೀಪ

ಕೋಕೋಪೀಟ್ ಅಗ್ಗದ್ದಾದಷ್ಟೂ ಅದರಲ್ಲಿ ಉಪ್ಪು ಹೆಚ್ಚಿರುವ ಸಾಧ್ಯತೆ. ನೆನೆಸಿ, ಹಿಂಡಿ, ನೀರು ಚೆಲ್ಲುವುದನ್ನು ಎರಡು ಮೂರು ಸಲ ಮಾಡಿದ ಮೇಲೆ ಬಳಸಿ. ಬರೀ ಕೋಕೋಪೀಟ್‌ನಲ್ಲಿ ಪೋಷಣೆ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ಪಾಲು ಕೋಕೋಪೀಟ್, ಮೂರು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್, ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಹರಳು). ಸೆಲ್ಫ್ ವಾಟರಿಂಗ್ ತೊಟ್ಟಿಗೆ ತೋಟದ ಮಣ್ಣಿನ ಎರಡು ಪಾಲನ್ನು ಬಿಟ್ಟು ಪರ್ಲೈಟನ್ನು ಎರಡು ಪಾಲು ಮಾಡಿ. ಮಿಶ್ರಣ ತಿಂಗಳುಗಳು ಕಳೆದಂತೆ ಕುಸಿಯುತ್ತದೆ. ಮೇಲಿನಿಂದ ಕಾಂಪೋಸ್ಟ್ ತುಂಬಿಸುತ್ತಿರಿ. ಹೂಬಿಡುವ ಗಿಡಗಳಿಗೆ ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ ಒಂದು ಗ್ರಾಂ, ಹದಿನೈದು ದಿನಕ್ಕೊಮ್ಮೆ. ಒಣ ಮಣ್ಣಿಗೆ ಹಾಕಬೇಡಿ, ಬೇರು ಸುಟ್ಟೀತು.

ಡೆಕ್ ಟೈಲ್ ನೋಟಕ್ಕೆ ಕೊಡುವ ಲಾಭ ದೊಡ್ಡದು. 30×30 ಸೆಂ.ಮೀ. ಟೈಲ್ ಚದರ ಮೀಟರಿಗೆ 11 ಬೇಕು. ಬಾಗಿಲು ಒಳಗಿನಿಂದ ಹೊರಕ್ಕೆ ತೆರೆಯುವುದಾದರೆ ಅದರ ಕೆಳಗೆ ಟೈಲ್ ದಪ್ಪಕ್ಕೆ ಎಡೆ ಇದೆಯೇ ನೋಡಿ. ಇಲ್ಲದಿದ್ದರೆ ಎಲ್ಲ ಜೋಡಿಸಿದ ಮೇಲೆ ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ. ನೀರು ಹೋಗುವ ಜಾಲರಿಯ ಮೇಲಿನ ಟೈಲ್ ಸುಲಭವಾಗಿ ಕೀಳುವಂತಿರಲಿ, ಎಲೆಕಸ ಬಂದು ನಿಲ್ಲುವುದು ಅಲ್ಲಿಯೇ. ಕೃತಕ ಹುಲ್ಲಿನ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿಯೇ ಇದೆ: ಬಿಸಿಲಿನಲ್ಲಿ ಅದು ಬರಿಗಾಲು ಊರಲಾಗದಷ್ಟು ಕಾಯುತ್ತದೆ, ಕೆಳಗೆ ತೇವ ಕಟ್ಟುತ್ತದೆ, ನಿಜವಾದ ಎಲೆಗಳ ಪಕ್ಕದಲ್ಲಿ ಅದರ ಹಸಿರು ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ದೀಪದ ಸರ 2700 ಕೆಲ್ವಿನ್‌ನ ಬೆಚ್ಚನೆ ಬಿಳಿಯದ್ದಾಗಿರಲಿ, ಬಣ್ಣ ಬದಲಿಸುತ್ತ ಮಿಣುಕುವುದು ಬೇಡ. ಸೌರ ಸರವಾದರೆ ಅದರ ಫಲಕಕ್ಕೆ ನೇರ ಬಿಸಿಲು ಸಿಗಬೇಕು, ನೆರಳಿನ ಬಾಲ್ಕನಿಯಲ್ಲಿ ಸಂಜೆ ಕವಿಯುವಷ್ಟರಲ್ಲೇ ಆರಿಹೋಗುತ್ತದೆ.

ಕಿಟ್ ಹೇಳದ ವಿನ್ಯಾಸ

ಜೊತೆಗೆ ಬರುವ ಕರಪತ್ರ ಎಲ್ಲವನ್ನೂ ಎಲ್ಲ ಗೋಡೆಗೂ ಸಮನಾಗಿ ಹಂಚಲು ಹೇಳುತ್ತದೆ. ಚಿಕ್ಕ ಜಾಗವನ್ನು ಇನ್ನೂ ಚಿಕ್ಕದು ಮಾಡುವ ಉಪಾಯ ಅದು. ಕಣ್ಣು ಎಲ್ಲಿಯೂ ನಿಲ್ಲದೆ ಮೂವತ್ತು ಪುಟ್ಟ ವಸ್ತುಗಳ ಮೇಲೆ ಅಲೆದು ದಣಿಯುತ್ತದೆ. ಒಂದು ದೊಡ್ಡ ಗಿಡ, ಒಂದು ಹಸಿರು ಗೋಡೆ, ಬರಿದಾಗಿ ಬಿಟ್ಟ ಒಂದಷ್ಟು ನೆಲ, ಇಷ್ಟಿದ್ದರೆ ಜಾಗ ಹಿಗ್ಗಿದಂತೆ ಕಾಣುತ್ತದೆ.

1.2 ಮೀಟರ್ ಅಗಲ, 3 ಮೀಟರ್ ಉದ್ದದ ಬಾಲ್ಕನಿಯನ್ನು ತೆಗೆದುಕೊಳ್ಳಿ. ಬಾಗಿಲಿನಿಂದ ನಿಂತು ನೋಡಿದಾಗ ದೂರ ಕಾಣುವ ಕಿರಿದಾದ ಬದಿಗೆ 80 ಸೆಂ.ಮೀ. ತೊಟ್ಟಿ, ಅದರ ಹಿಂದೆ 180 ಸೆಂ.ಮೀ. ಎತ್ತರದ ಜಾಲರಿ. ಜಾಲರಿಯ ಕಣ್ಣು 15 ಸೆಂ.ಮೀ. ಇರಲಿ, ಗೋಡೆಯಿಂದ 5 ಸೆಂ.ಮೀ. ಈಚೆಗೆ ನಿಲ್ಲಲಿ, ಬಳ್ಳಿಯ ತುದಿ ಸುತ್ತಿಕೊಳ್ಳಲು ಅಷ್ಟು ಎಡೆ ಬೇಕು. ಬಿಸಿಲಿದ್ದರೆ ಶಂಖಪುಷ್ಪ ಬೀಜದಿಂದಲೇ ಬೇಗ ಹಬ್ಬುತ್ತದೆ. ಅರ್ಧ ದಿನದ ಬಿಸಿಲಿಗೆ ಮಲ್ಲಿಗೆ. ನೆರಳಿಗೆ ಮನಿ ಪ್ಲಾಂಟ್, ಏರಲು ತೇವದ ಆಸರೆ ಸಿಕ್ಕಿದರೆ ಅದರ ಎಲೆ ಅಂಗೈಗಿಂತ ದೊಡ್ಡದಾಗುತ್ತದೆ. ಮಧುಮಾಲತಿಯನ್ನು ಮಾತ್ರ ಇಷ್ಟು ಚಿಕ್ಕ ಜಾಗಕ್ಕೆ ತರಬೇಡಿ, ಕತ್ತರಿಗೆ ಬಿಡುವು ಸಿಗುವುದಿಲ್ಲ. ಜಾಲರಿ ಗಾಳಿಗೆ ಹಾಯಿಯಂತೆ ಎದೆಯೊಡ್ಡುತ್ತದೆ, ಆದ್ದರಿಂದ ಅದನ್ನು ತೊಟ್ಟಿಗಲ್ಲ, ಗೋಡೆಗೇ ಬಿಗಿಯಬೇಕು.

ಎದುರಿನ ಮೂಲೆಯಲ್ಲಿ, ಕರ್ಣರೇಖೆಗೆ ಸರಿಯಾಗಿ, 40 ಸೆಂ.ಮೀ. ಕುಂಡದಲ್ಲಿ ಒಂದೇ ಒಂದು ದೊಡ್ಡ ಗಿಡ. ಬಿಸಿಲಿಗೆ ದಾಸವಾಳ, ನೆರಳಿಗೆ ಅಗಲ ಎಲೆಯ ಫಿಲೊಡೆಂಡ್ರಾನ್. ಕಂಬಿಗೆ ಎರಡು ತೊಟ್ಟಿ, ಎರಡರಲ್ಲೂ ಒಂದೇ ಬಗೆಯ ಗಿಡ. ನಡೆಯಲು ಕನಿಷ್ಠ 60 ಸೆಂ.ಮೀ. ಬಿಡಿ. ಕುಳಿತುಕೊಳ್ಳಲು 45 ಸೆಂ.ಮೀ. ಎತ್ತರದ ಪೆಟ್ಟಿಗೆಯಂಥ ಆಸನ ಇಟ್ಟರೆ ಗೊಬ್ಬರ, ಕತ್ತರಿ, ಸಿಂಪಡಿಸುವ ಬಾಟಲಿ ಎಲ್ಲ ಅದರೊಳಗೆ. ಕೊಳಕು ಡಬ್ಬಗಳು ಕಣ್ಣಿಗೆ ಬೀಳದಿದ್ದರೇ ಅರ್ಧ ಅಂದ.

ದೊಡ್ಡ ಎಲೆ, ಕೆಂಪು–ಹಳದಿ ಹೂ ಹತ್ತಿರಕ್ಕೆ. ಸಣ್ಣ ಎಲೆ, ನೀಲಿ–ನೇರಳೆ ಹೂ ದೂರಕ್ಕೆ. ಬಿಸಿ ಬಣ್ಣಗಳು ಮುಂದೆ ಬಂದಂತೆಯೂ ತಂಪು ಬಣ್ಣಗಳು ಹಿಂದೆ ಸರಿದಂತೆಯೂ ತೋರುವುದರಿಂದ ಮೂರು ಮೀಟರ್ ನಾಲ್ಕರಂತೆ ಕಾಣುತ್ತದೆ. ಹೂವಿಗೆ ಎರಡು ಬಣ್ಣ, ಕುಂಡಗಳಿಗೆಲ್ಲ ಒಂದೇ ಬಣ್ಣ. ಈ ಕಟ್ಟುಪಾಡು ನೀರಸ ಎನ್ನಿಸಬಹುದು, ಗಿಡ ತುಂಬಿಕೊಂಡ ಮೇಲೆ ಹಾಗನ್ನಿಸುವುದಿಲ್ಲ. ಕನ್ನಡಿ ಹಾಕಿ ಜಾಗ ಹಿಗ್ಗಿಸುವ ಸಲಹೆಯೂ ಕೆಲವು ಕರಪತ್ರಗಳಲ್ಲಿದೆ. ಹೊರಗಡೆ ಹಕ್ಕಿಗಳು ಅದಕ್ಕೆ ಬಡಿದುಕೊಳ್ಳುತ್ತವೆ, ಪ್ರತಿಫಲಿಸಿದ ಬಿಸಿಲು ಎದುರಿನ ಎಲೆಯನ್ನು ಸುಡುತ್ತದೆ. ಬೇಡ.

ಗಿಡಗಳನ್ನು ಒತ್ತೊತ್ತಾಗಿ ಹಚ್ಚಿದರೆ ಹಿಟ್ಟು ತಿಗಣೆ, ಗಾಳಿಯಾಡದ ಬಿಸಿ ಮೂಲೆಯಲ್ಲಿ ಜೇಡನುಸಿ. ಎಲೆಯ ಅಡಿಭಾಗವನ್ನು ವಾರಕ್ಕೊಮ್ಮೆ ನೀರಿನ ರಭಸಕ್ಕೆ ತೊಳೆಯುವುದೇ ಮೊದಲ ಮದ್ದು. ಮುಂದುವರಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಮೆದು ಸೋಪು, ಸಂಜೆ ಮಾತ್ರ.

ಕೊಳ್ಳುವುದಾದರೆ ಹೀಗೆ: ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎನ್ನುವವರು ಸೆಲ್ಫ್ ವಾಟರಿಂಗ್ ತೊಟ್ಟಿ, ಕಂಬಿಯ ತೊಟ್ಟಿ, ಡೆಕ್ ಟೈಲ್ ಬಿಡಿಬಿಡಿಯಾಗಿ ಆರಿಸಲಿ. ಜಾಲರಿಯ ಬದಲು ಆ ತೊಟ್ಟಿಯಲ್ಲೇ ಎತ್ತರವಾಗುವ ಗಿಡವೊಂದನ್ನು ಬೆಳೆಸಬಹುದು. ಸ್ವಂತ ಗೋಡೆ ಇರುವವರು ಇದಕ್ಕೆ ಜಾಲರಿ ಸೇರಿಸಲಿ. ಪೂರ್ತಿ ಕಿಟ್ಟನ್ನೇ ತರಿಸಿದವರು ಬಂದ ದಿನವೇ ಮೂರು ಪರೀಕ್ಷೆ ಮಾಡಲಿ: ಕೊಕ್ಕೆ ಕಂಬಿಗೆ ಬಿಗಿಯಾಗಿ ಕೂರುತ್ತದೆಯೇ, ಎಲ್ಲ ಪಾತ್ರೆಗೂ ತೂತು ಇದೆಯೇ, ಹನಿ ಸೆಟ್‌ಗೆ ನೀರು ಬಿಟ್ಟಾಗ ಮೊದಲ ಮತ್ತು ಕೊನೆಯ ಎಮಿಟರ್‌ನಿಂದ ಹದಿನೈದು ನಿಮಿಷದಲ್ಲಿ ಲೋಟಕ್ಕೆ ಬಿದ್ದ ನೀರು ಹೆಚ್ಚುಕಡಿಮೆ ಸಮವೇ. ಮಣ್ಣು ತುಂಬಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.